ಪುಸ್ತಕದಲ್ಲಿ ಇಲ್ಲದ ಹೆಸರು

ಕಳೆದ ವರ್ಷ ನನ್ನ ತಂಗಿಗೆ ಒಂದು ಬ್ಯಾಂಕಿನಿಂದ ನಾಲ್ಕು ಸಾಲಿನ ಉತ್ತರ ಬಂದಿತು. ಕ್ರೆಡಿಟ್ ಕಾರ್ಡಿಗಾಗಿ ಆಕೆ ಸಲ್ಲಿಸಿದ್ದ ಅರ್ಜಿಯನ್ನು ಪುರಸ್ಕರಿಸಲು ಸಾಧ್ಯವಾಗಿಲ್ಲವೆಂದು ಅದರಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು. ಕೆಳಗೆ ಕಾರಣವೂ ಇತ್ತು. ಆಕೆ ಅದನ್ನು ನನ್ನೆದುರು ಹಿಡಿದು, "ಅಣ್ಣ, ಇದೇನು ಅಂತ ಕನ್ನಡದಲ್ಲಿ ಹೇಳು" ಎಂದಳು. ಮೂವತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವನ ನಾಲಗೆ. ಯೋಚಿಸುವ ಮೊದಲೇ, "ಸಾಲದ ಚರಿತ್ರೆ ಸಾಲದು ಅಂತ" ಎಂದುಬಿಟ್ಟೆ. ಶ್ಲೇಷೆ ತಾನಾಗಿಯೇ ಒದಗಿ ಬಂದಿತ್ತು. ಅದಕ್ಕಾಗಿ ನನಗೆ ಒಳಗೊಳಗೇ ಹಿಗ್ಗೂ ಆಗಿತ್ತೆಂದು ಒಪ್ಪಿಕೊಳ್ಳುತ್ತೇನೆ. ಆದರೆ ತಂಗಿ ನಗಲಿಲ್ಲ. "ನನ್ನ ಚರಿತ್ರೆಗೆ ಏನಾಗಿದೆ? ನಾನು ಯಾರ ಹತ್ತಿರ ಎಷ್ಟು ಬಾಕಿ ಇಟ್ಟಿದ್ದೀನಿ?" ಎಂದು ಕೇಳಿದಳು.

ಆಕೆಯ ಕಿವಿಗೆ ಚರಿತ್ರೆ ಎಂಬುದು ಚಾರಿತ್ರ್ಯವೆಂದೇ ಕೇಳಿಸಿತ್ತು. ನಮ್ಮ ಭಾಷೆಯಲ್ಲಿ ಆ ಎರಡು ಮಾತುಗಳು ಒಂದೇ ಮನೆಯವು. ಒಂದನ್ನು ಕರೆದರೆ ಇನ್ನೊಂದು ಓಗೊಡುತ್ತದೆ. ಬ್ಯಾಂಕಿನವರು ಹೇಳಿದ್ದು ಆಕೆಯ ನಡತೆಯ ಮಾತನ್ನಲ್ಲ. ತಮ್ಮ ಕಡತದಲ್ಲಿ ಆಕೆಯ ಹೆಸರಿನ ಪುಟ ಖಾಲಿ ಇದೆ ಎಂಬುದನ್ನಷ್ಟೆ. ಅರವತ್ತು ದಾಟಿದ, ಜೀವಮಾನದಲ್ಲಿ ಒಂದು ರೂಪಾಯಿ ಬಾಕಿ ಇಡದ ಹೆಂಗಸಿಗೆ ಈ ಭೇದವನ್ನು ತಿಳಿಸಿ ಹೇಳುವ ಹೊತ್ತಿಗೆ ನನಗೆ ಸಾಕುಬೇಕಾಯಿತು. ಏಕೆಂದರೆ ಮೊದಲು ಅದು ನನಗೇ ಸರಿಯಾಗಿ ತಿಳಿದಿರಲಿಲ್ಲ. ತಿಳಿದುಕೊಂಡಷ್ಟನ್ನು ಈಗ ನಿಮ್ಮ ಮುಂದೆ ಇಡುತ್ತೇನೆ.

ಆಕೆಗೆ ಕಾರ್ಡು ಏಕೆ ಬೇಕಾಯಿತು ಎಂಬುದನ್ನು ಮೊದಲು ಹೇಳಬೇಕು. ಆಕೆಯ ಯಜಮಾನರ ಬಳಿ ಒಂದು ಕ್ರೆಡಿಟ್ ಕಾರ್ಡ್ ಇತ್ತು. ಅದರ ಜೊತೆಗೆ ಆಡ್-ಆನ್ ಎನ್ನುವ ಎರಡನೆಯ ಕಾರ್ಡನ್ನು ಆಕೆಗೂ ಕೊಡಿಸಿದ್ದರು. ಅದರ ಮೇಲೆ ಆಕೆಯ ಹೆಸರೇ ಅಚ್ಚಾಗಿತ್ತು. ಹನ್ನೆರಡು ವರ್ಷ ದಿನಸಿ, ಔಷಧಿ, ಮಕ್ಕಳ ಫೀಸು ಎಲ್ಲವೂ ಅದರಲ್ಲೇ ನಡೆದವು. ತಿಂಗಳು ತಿಂಗಳು ಬಿಲ್ಲನ್ನು ಸಾಲುಸಾಲಾಗಿ ತಾಳೆ ನೋಡಿ ಹಣ ಕಟ್ಟಿಸುತ್ತಿದ್ದವಳು ಆಕೆಯೇ. ಯಜಮಾನರು ತೀರಿಕೊಂಡ ಮೇಲೆ ಬ್ಯಾಂಕಿಗೆ ತಿಳಿಸಿದಾಗ ಎರಡು ಕಾರ್ಡುಗಳೂ ಒಟ್ಟಿಗೇ ನಿಂತವು. ಬ್ಯಾಂಕಿನವರದು ತಪ್ಪಲ್ಲ. ಆಡ್-ಆನ್ ಕಾರ್ಡು ಎಂಬುದು ಬೇರೆ ಖಾತೆಯಲ್ಲ, ಮೂಲ ಖಾತೆಯ ಕೊಂಬೆ. ಮರ ಹೋದರೆ ಕೊಂಬೆಯೂ ಹೋಗಬೇಕು.

ಅದಾದ ಕೆಲವು ತಿಂಗಳ ಮೇಲೆ ಒಂದು ರಾತ್ರಿ ಆಕೆ ಬಚ್ಚಲಲ್ಲಿ ಜಾರಿ ಬಿದ್ದು ಮುಂಗೈ ಮುರಿದುಕೊಂಡಳು. ಮಗ ಹುಬ್ಬಳ್ಳಿಯಲ್ಲಿ, ನಾನು ಊರ ಇನ್ನೊಂದು ತುದಿಯಲ್ಲಿ. ರಾತ್ರಿ ಹನ್ನೊಂದು ಗಂಟೆಗೆ ಆಸ್ಪತ್ರೆಯವರು ಮುಂಗಡ ಕಟ್ಟಿ ಎಂದರು. ಆಕೆಯ ಹಣವೆಲ್ಲ ಮುದ್ದತಿನ ಠೇವಣಿಯಲ್ಲಿತ್ತು; ಉಳಿತಾಯ ಖಾತೆಯಲ್ಲಿ ಇದ್ದದ್ದು ತಿಂಗಳ ಖರ್ಚಿನಷ್ಟು ಮಾತ್ರ. ಕರೆದುಕೊಂಡು ಹೋಗಿದ್ದ ಪಕ್ಕದ ಮನೆಯ ಹುಡುಗ ತನ್ನ ಕಾರ್ಡು ತೆಗೆದು ಕೊಟ್ಟ. ಮರುದಿನ ಒಂದು ಠೇವಣಿಯನ್ನು ಅವಧಿಗೆ ಮೊದಲೇ ಮುರಿಸಿ, ಬಡ್ಡಿಯಲ್ಲಿ ನಷ್ಟ ಮಾಡಿಕೊಂಡು ಅವನ ಹಣ ಹಿಂದಿರುಗಿಸಿದ್ದಾಯಿತು. ಹಣ ತೀರಿತು; ಆ ರಾತ್ರಿ ಕೈ ಚಾಚಿದ್ದು ಆಕೆಯ ಮನಸ್ಸಿನಲ್ಲಿ ತೀರಲಿಲ್ಲ. ಕೈ ಕೂಡಿಕೊಂಡ ಮೇಲೆ ಆಕೆ ಮಾಡಿದ ಮೊದಲ ಕೆಲಸವೆಂದರೆ ಕಾರ್ಡಿಗೆ ಅರ್ಜಿ ಹಾಕಿದ್ದು.

ಇಲ್ಲಿ ನಮ್ಮ ತಂದೆಯವರ ಅಂಗಡಿಯ ವಿಷಯ ಬರುತ್ತದೆ. ಅವರು ತಿಪಟೂರಿನಲ್ಲಿ ದಿನಸಿ ಅಂಗಡಿ ಇಟ್ಟಿದ್ದರು. ಗೋಡೆಯ ಮೇಲೆ "ಇಂದು ನಗದು, ನಾಳೆ ಉದ್ರಿ" ಎಂಬ ಹಲಗೆ ತೂಗುತ್ತಿತ್ತು. ಆ ಹಲಗೆಯ ಕೆಳಗೇ ಕುಳಿತು ಅವರು ದಿನವೂ ಉದ್ರಿ ಕೊಡುತ್ತಿದ್ದರು. ಕೊಡದೆ ಆ ಸೀಮೆಯಲ್ಲಿ ವ್ಯಾಪಾರ ನಡೆಯುತ್ತಿರಲಿಲ್ಲ. ಉಂಡೆ ಕೊಬ್ಬರಿಯ ಬೇಸಾಯವನ್ನು ಕಂಡವರಿಗೆ ಇದು ಗೊತ್ತು. ಕಿತ್ತ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿದರೆ ಒಳಗಿನ ನೀರು ಇಂಗಿ, ತಿರುಳು ಒಣಗಿ ಚಿಪ್ಪು ಬಿಟ್ಟು, ಅಲುಗಿಸಿದರೆ ಗಡಗಡ ಎನ್ನುವಂತಾಗಲು ಹತ್ತು ಹನ್ನೊಂದು ತಿಂಗಳು ಬೇಕು. ಅಲ್ಲಿಯವರೆಗೆ ರೈತನ ಐಶ್ವರ್ಯವೆಲ್ಲ ಅಟ್ಟದ ಕತ್ತಲಲ್ಲಿ; ಕೈಯಲ್ಲಿ ಕಾಸಿಲ್ಲ. ಯಾರ ಅಟ್ಟದಲ್ಲಿ ಎಷ್ಟು ಸಾವಿರ ಕಾಯಿ ಬಿದ್ದಿದೆ, ಯಾವಾಗ ಹಾಕಿದ್ದು, ಯಾರಿಗೆ ಮಗಳ ಮದುವೆಯ ಖರ್ಚಿದೆ, ಯಾರ ಮಗ ಇಸ್ಪೀಟಿಗೆ ಕುಳಿತಿದ್ದಾನೆ, ಇವೆಲ್ಲ ತಂದೆಯವರ ತಲೆಯಲ್ಲಿದ್ದವು. ಅದನ್ನು ನೋಡಿ ಅವರು ಉದ್ರಿ ಎಷ್ಟು ಕೊಡಬಹುದೆಂದು ಅಳೆಯುತ್ತಿದ್ದರು. ಕೊಬ್ಬರಿ ಹರಾಜಾದ ವಾರ ಲೆಕ್ಕ ಚುಕ್ತಾ ಆಗುತ್ತಿತ್ತು.

ಉದ್ರಿ ಪುಸ್ತಕದಲ್ಲಿ ಇರುತ್ತಿದ್ದುದು ಗಂಡಸರ ಹೆಸರು. ಇಂಥ ಊರಿನ ಇಂಥ ಗೌಡರು ಎಂದು ಪುಟದ ತಲೆಯಲ್ಲಿ ಬರೆಯುವುದು. ಸಾಮಾನು ಒಯ್ಯುತ್ತಿದ್ದವಳು ಹೆಂಡತಿ, ಸೆರಗಿನ ಗಂಟು ಬಿಚ್ಚಿ ಬಾಕಿ ಎಣಿಸುತ್ತಿದ್ದವಳೂ ಹೆಂಡತಿ. ಗೌಡರು ತೀರಿಕೊಂಡರೆ ಆ ಹೆಸರನ್ನು ಹೊಡೆದು ಮಗನ ಹೆಸರು ಬರೆಯುತ್ತಿದ್ದರು. ಇದರಲ್ಲಿ ಅನ್ಯಾಯವೇನಾದರೂ ಇದೆಯೆಂದು ಆಗ ಯಾರಿಗೂ ತೋರಲಿಲ್ಲ; ಏಕೆಂದರೆ ಯಾವ ಹೆಂಗಸಿನ ಮಾತು ಗಟ್ಟಿ ಎಂಬುದನ್ನು ತಿಳಿಯಲು ತಂದೆಯವರಿಗೆ ಪುಸ್ತಕ ಬೇಕಿರಲಿಲ್ಲ. ಸ್ಕೂಲಿನಿಂದ ಬಂದ ಮೇಲೆ ಆ ಪುಸ್ತಕವನ್ನು ದುಂಡನೆಯ ಅಕ್ಷರದಲ್ಲಿ ಬರೆಯುತ್ತಿದ್ದವಳು ಇದೇ ನನ್ನ ತಂಗಿ.

ಇಂಥ ಪುಸ್ತಕ ನಮ್ಮಲ್ಲಿ ಮಾತ್ರ ಇತ್ತೆಂದಲ್ಲ. ನ್ಯೂಯಾರ್ಕಿನಲ್ಲಿ ಲೂಯಿಸ್ ಟ್ಯಾಪನ್ ಎಂಬ ರೇಷ್ಮೆ ವರ್ತಕ 1841ರಲ್ಲಿ ಮರ್ಕೆಂಟೈಲ್ ಏಜೆನ್ಸಿ ಎಂಬ ಸಂಸ್ಥೆ ತೆರೆದು, ದೂರದ ಊರುಗಳ ವ್ಯಾಪಾರಿಗಳು ನಂಬಿಕಸ್ಥರೇ ಅಲ್ಲವೇ ಎಂದು ಅಲ್ಲಲ್ಲಿನ ವಕೀಲರಿಂದ ಬರೆಸಿ ತರಿಸಿಕೊಳ್ಳತೊಡಗಿದ. ಹಾಗೆ ಬರೆದು ಕಳಿಸುತ್ತಿದ್ದವರಲ್ಲಿ ಆಗ ವಕೀಲರಾಗಿದ್ದ ಅಬ್ರಹಾಂ ಲಿಂಕನ್ನರೂ ಒಬ್ಬರು. ನಮ್ಮ ಕಡೆ ಇದೇ ಭರವಸೆಗೆ ಪತ್ತು ಎಂಬ ಚೆಂದದ ಮಾತಿದೆ. 1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದಾಗ ಅದರ ಬಂಡವಾಳವಾಗಿ ನಿಂತದ್ದೂ ನೆರೆಯವನನ್ನು ನೆರೆಯವನು ಬಲ್ಲನೆಂಬ ಸಂಗತಿಯೇ. ಊರು ದೊಡ್ಡದಾದಂತೆ, ಕೊಡುವವನಿಗೆ ಪಡೆಯುವವನ ಮುಖವೇ ಕಾಣದಂತಾದಾಗ, ಬಲ್ಲವನ ಜಾಗದಲ್ಲಿ ಬರಹ ಬಂದು ಕುಳಿತಿತು.

ಈಗ ಭಾರತದಲ್ಲಿ ಆ ಬರಹವನ್ನು ಇಟ್ಟುಕೊಳ್ಳುವ ಸಂಸ್ಥೆಗಳು ನಾಲ್ಕು. ಎಲ್ಲಕ್ಕೂ ಹಿರಿಯದು 2000ದಲ್ಲಿ ಸ್ಥಾಪನೆಯಾದ ಸಿಬಿಲ್. ಇಂದು ಅದರ ಹೆಸರು ಟ್ರಾನ್ಸ್‌ಯೂನಿಯನ್ ಸಿಬಿಲ್. ಉಳಿದವು ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಕ್ರಿಫ್ ಹೈ ಮಾರ್ಕ್. ಇವುಗಳಿಗೆಂದೇ 2005ರಲ್ಲಿ ಒಂದು ಕಾನೂನಾಗಿದೆ. ಬ್ಯಾಂಕುಗಳು ತಮ್ಮಲ್ಲಿ ಸಾಲ ಪಡೆದವರ ಲೆಕ್ಕವನ್ನು, ಯಾರು ಎಷ್ಟು ತೆಗೆದರು, ಯಾವ ತಿಂಗಳು ಸಮಯಕ್ಕೆ ಕಟ್ಟಿದರು, ಯಾವ ತಿಂಗಳು ಎಷ್ಟು ದಿನ ತಡಮಾಡಿದರು ಎಂಬುದನ್ನು, ಇವಕ್ಕೆ ಒಪ್ಪಿಸುತ್ತವೆ. ಈ ಎಲ್ಲವನ್ನೂ ಅರೆದು ಸಂಸ್ಥೆಗಳು 300ರಿಂದ 900ರೊಳಗಿನ ಒಂದು ಅಂಕವನ್ನು ತೆಗೆಯುತ್ತವೆ. ಹೆಚ್ಚಿದಷ್ಟೂ ಒಳ್ಳೆಯದು. ವರ್ಷಕ್ಕೊಮ್ಮೆ ನಮ್ಮ ಪೂರ್ಣ ವರದಿಯನ್ನು ಪ್ರತಿಯೊಂದು ಸಂಸ್ಥೆಯೂ ನಮಗೆ ಉಚಿತವಾಗಿ ಕೊಡಬೇಕು. ನಮ್ಮ ವರದಿಯನ್ನು ನಾವೇ ನೋಡಿದರೆ ಅಂಕ ಕಡಿಮೆಯಾಗುವುದಿಲ್ಲ. ಈ ಹಕ್ಕನ್ನು ಬಳಸಿ ತಂಗಿಯ ವರದಿಯನ್ನು ತರಿಸಿದೆವು. ಅಂಕ ಇರಬೇಕಾದ ಕಡೆ ಇದ್ದದ್ದು -1.

"ಸೊನ್ನೆಗಿಂತಲೂ ಒಂದು ಕಮ್ಮಿ!" ಎಂದಳು ತಂಗಿ. ಆಕೆಯ ಮುಖ ನೋಡಲಾಗಲಿಲ್ಲ. ಈ ಚಿಹ್ನೆಯನ್ನು ಯಾರು ಆರಿಸಿದರೋ, ಅವರಿಗೆ ಗಣಿತ ತಿಳಿದಿತ್ತು, ಮನುಷ್ಯರ ಮನಸ್ಸು ತಿಳಿದಿರಲಿಲ್ಲ ಎಂದು ನನಗೆ ಅನ್ನಿಸಿತು. ಅದು ಅಂಕವೇ ಅಲ್ಲ. ಈ ವ್ಯಕ್ತಿಯ ಬಗ್ಗೆ ಹೇಳಲು ನಮ್ಮಲ್ಲಿ ಏನೂ ಇಲ್ಲ ಎಂಬ ಗುರುತು. ಪರೀಕ್ಷೆಯಲ್ಲಿ ಸೊನ್ನೆ ಪಡೆದವನಿಗೂ ಪರೀಕ್ಷೆಗೇ ಕೂರದವನಿಗೂ ಇರುವ ವ್ಯತ್ಯಾಸ. ಸಮಯಕ್ಕೆ ಕಟ್ಟದವನ ಅಂಕ ಮುನ್ನೂರರ ಮೇಲೆ ಎಲ್ಲೋ ಇರುತ್ತದೆ. ಸಾಲವನ್ನೇ ಮಾಡದವನಿಗೆ ಅಷ್ಟೂ ಇಲ್ಲ.

ಹಾಗಾದರೆ ಆಕೆಯ ಠೇವಣಿಗಳು? ಅವು ಈ ಪುಸ್ತಕದ ವ್ಯಾಪ್ತಿಗೆ ಬರುವುದಿಲ್ಲ. ಇದು ಕೊಟ್ಟವರ ಪುಸ್ತಕವಲ್ಲ, ಪಡೆದವರ ಪುಸ್ತಕ. ಆಕೆ ಬ್ಯಾಂಕಿನಲ್ಲಿ ಹಣ ಇಟ್ಟಾಗ ಸಾಲ ಪಡೆದದ್ದು ಬ್ಯಾಂಕು, ಆಕೆಯಲ್ಲ! ವಿಮೆಯ ಕಂತು, ದಶಕಗಳ ಕಾಲ ಕಟ್ಟಿದ ಮನೆಬಾಡಿಗೆ, ವಿದ್ಯುತ್ತಿನ ಬಿಲ್ಲು ಯಾವುದೂ ಆ ಪುಟದಲ್ಲಿ ಇರಲಿಲ್ಲ. ಬೀದಿಯ ಹೆಂಗಸರ ನಡುವೆ ಆಕೆ ಇಪ್ಪತ್ತು ವರ್ಷ ಚೀಟಿ ನಡೆಸಿದ್ದಳು. ಒಂದು ಸಲವೂ ಎತ್ತುವಳಿ ತಡವಾಗಿರಲಿಲ್ಲ. ಅದೂ ಇಲ್ಲ. ಇನ್ನು ಹನ್ನೆರಡು ವರ್ಷದ ಕಾರ್ಡಿನ ಬಿಲ್ಲು? ಅದೆಲ್ಲ ಮೂಲ ಕಾರ್ಡಿನವರ, ಎಂದರೆ ಯಜಮಾನರ, ಪುಟಕ್ಕೆ ಹೋಗಿತ್ತು. ಅವರ ಅಂಕ ಬಹಳ ಒಳ್ಳೆಯದಿದ್ದಿರಬೇಕು.

ಇದನ್ನು ಕೇಳಿ ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪನ ಪುಸ್ತಕದ ಹಾಗೇ ಆಯಿತಲ್ಲ" ಎಂದಳು.

ಅಮೆರಿಕದ ಹೆಂಗಸರು ಇದೇ ಗೋಡೆಗೆ ತಲೆ ಕೊಟ್ಟು, ಅದನ್ನು ಕೆಡವಿಸಿದ್ದು 1974ರಲ್ಲಿ. ಹೆಂಗಸೆಂಬ ಕಾರಣಕ್ಕೆ, ಮದುವೆಯಾದವಳು ಅಥವಾ ವಿಧವೆಯೆಂಬ ಕಾರಣಕ್ಕೆ ಸಾಲ ನಿರಾಕರಿಸಬಾರದೆಂದು ಅಲ್ಲಿ ಆಗ ಕಾನೂನು ಬಂದಿತು. ಗಂಡಹೆಂಡಿರು ಕೂಡಿ ಬಳಸುವ ಖಾತೆಯ ವರದಿ ಇಬ್ಬರ ಹೆಸರಿನಲ್ಲೂ ಹೋಗಬೇಕೆಂಬ ನಿಯಮ ಅದರ ಬೆನ್ನಿಗೆ ಬಂದಿತು. ನಮ್ಮ ಆಡ್-ಆನ್ ಕಾರ್ಡಿನವರಿಗೆ ಅಂಥದೊಂದು ಆಗಬೇಕೆಂಬುದು ನನ್ನ ಆಸೆ.

ನಾನು ಮತ್ತು ನನ್ನ ಮಗ ಸೇರಿ ಈ ನಡುವೆ ಒಂದು ಅವಿವೇಕ ಮಾಡಿದ್ದೆವು. ಮೊದಲ ಬ್ಯಾಂಕು ಒಲ್ಲೆನೆಂದ ಕೂಡಲೇ ರೋಷದಿಂದ ಒಂದೇ ವಾರದಲ್ಲಿ ಇನ್ನು ಮೂರು ಬ್ಯಾಂಕುಗಳಿಗೆ ಅರ್ಜಿ ಹಾಕಿಸಿದೆವು. ಪ್ರತಿ ಅರ್ಜಿ ಬಂದಾಗಲೂ ಬ್ಯಾಂಕು ಆ ಸಂಸ್ಥೆಗಳನ್ನು ವಿಚಾರಿಸುತ್ತದೆ, ವಿಚಾರಿಸಿದ್ದೂ ದಾಖಲಾಗುತ್ತದೆ. ಸಾಲದ ಸಾಲೊಂದೂ ಇಲ್ಲದ ವರದಿಯಲ್ಲಿ ವಿಚಾರಣೆಗಳ ಸಾಲು ಮಾತ್ರ ನಾಲ್ಕು ಕಂಡರೆ ಐದನೆಯವನಿಗೆ ಏನು ಅನ್ನಿಸಬೇಕು? ಊರಿನ ನಾಲ್ಕು ಅಂಗಡಿಗಳಲ್ಲಿ ಒಂದೇ ದಿನ ಉದ್ರಿ ಕೇಳಿದವನನ್ನು ಕಂಡರೆ ತಂದೆಯವರೂ ತಕ್ಕಡಿಯನ್ನು ಒಳಗಿಡುತ್ತಿದ್ದರು. ಒಂದು ಕಡೆ ಇಲ್ಲವೆಂದರೆ ಕಾರಣ ಕೇಳಬೇಕು. ನಿರಾಕರಿಸಿದ್ದಕ್ಕೆ ನಿರ್ದಿಷ್ಟ ಕಾರಣವನ್ನು ಬರಹದಲ್ಲಿ ತಿಳಿಸಬೇಕೆಂದು ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನವಿದೆ. ಬಳಿಕ ಕೆಲವು ತಿಂಗಳು ಸುಮ್ಮನಿರಬೇಕು. ನಾವು ಸುಮ್ಮನಿದ್ದೆವು.

ದಾರಿ ತೋರಿಸಿದವಳು ತಂಗಿಯ ಪಿಂಚಣಿ ಬರುವ ಬ್ಯಾಂಕಿನ ಒಬ್ಬ ಚಿಕ್ಕ ವಯಸ್ಸಿನ ಅಧಿಕಾರಿ. "ಅಮ್ಮ, ನಿಮ್ಮ ಎಫ್.ಡಿ. ನಮ್ಮಲ್ಲೇ ಇದೆಯಲ್ಲ, ಅದರ ಮೇಲೆ ಕಾರ್ಡ್ ಕೊಡ್ತೀವಿ. ಅದಕ್ಕೆ ಚರಿತ್ರೆ ಬೇಡ" ಎಂದಳು. ವ್ಯವಸ್ಥೆ ಇಷ್ಟೇ: ಮುದ್ದತಿನ ಠೇವಣಿಯೊಂದನ್ನು ಬ್ಯಾಂಕು ಆಧಾರವಾಗಿ ಹಿಡಿದುಕೊಳ್ಳುತ್ತದೆ. ಠೇವಣಿಗೆ ಬಡ್ಡಿ ಎಂದಿನಂತೆ ಬರುತ್ತಲೇ ಇರುತ್ತದೆ. ಕಾರ್ಡು ಇರುವವರೆಗೆ ಅದನ್ನು ಮುರಿಸುವಂತಿಲ್ಲ. ಠೇವಣಿಯ ಮೊತ್ತದ ಬಹುಭಾಗದಷ್ಟು ಮಿತಿಯ ಕಾರ್ಡು ಕೈಗೆ ಬರುತ್ತದೆ. ತಂಗಿಗೆ 25,000 ರೂಪಾಯಿಯ ಠೇವಣಿಯ ಮೇಲೆ 20,000 ರೂಪಾಯಿಯ ಮಿತಿ ದೊರೆಯಿತು. ಬಾಕಿ ಕಟ್ಟದಿದ್ದರೆ ಬ್ಯಾಂಕು ಠೇವಣಿಯಿಂದ ಮುರಿದುಕೊಳ್ಳುತ್ತದೆ. ಅದಕ್ಕೇ ಅವರಿಗೆ ಅಂಕದ ಚಿಂತೆಯಿಲ್ಲ. ಆದರೆ ಕಾರ್ಡಿನ ಲೆಕ್ಕ ಮಾತ್ರ ಉಳಿದ ಕಾರ್ಡುಗಳಂತೆಯೇ ಆ ಸಂಸ್ಥೆಗಳಿಗೆ ಹೋಗುತ್ತದೆ. ಖಾಲಿ ಪುಟದಲ್ಲಿ ಮೊದಲ ಸಾಲು ಬೀಳುವುದು ಹೀಗೆ.

ನನಗೆ ಸಿಟ್ಟು ಬಂದಿತ್ತು. "ನಮ್ಮ ಬಾವಿಗೆ ಬೇರೆಯವರು ಮುಚ್ಚಳ ಹಾಕಿ, ನಮಗೇ ನೀರು ಕಡ ಕೊಟ್ಟ ಹಾಗಾಯಿತು" ಎಂದೆ. ತಂಗಿ ಕೇಳಲಿಲ್ಲ. "ಒತ್ತೆ ಇಡೋದು ಹೆಂಗಸರಿಗೆ ಹೊಸದೇನಣ್ಣ? ಬಳೆ ಇಟ್ಟು ತಂದವರೇ ಎಲ್ಲ. ಇದರಲ್ಲಿ ಬಳೆಗೆ ಬಡ್ಡಿ ಬೇರೆ ಬರುತ್ತೆ" ಎಂದು ಅರ್ಜಿಗೆ ರುಜು ಹಾಕಿದಳು. ಅಂದಹಾಗೆ, ಬ್ಯಾಂಕಿನಲ್ಲಿ ಚಿನ್ನದ ಮೇಲೆ ತೆಗೆದು ತೀರಿಸಿದ ಸಾಲವೂ ಈ ಪುಸ್ತಕಕ್ಕೆ ಸೇರುತ್ತದೆ. ಬೀದಿಯ ಗಿರವಿ ಅಂಗಡಿಯದು ಸೇರುವುದಿಲ್ಲ. ಸಂಬಳ ಬರುವ ಹುಡುಗ ಹುಡುಗಿಯರಿಗೆ, ಸಂಬಳ ಜಮೆಯಾಗುವ ಬ್ಯಾಂಕೇ ಆಧಾರವಿಲ್ಲದೆ ಮೊದಲ ಕಾರ್ಡು ಕೊಡುವುದೂ ಉಂಟು. 2025ರ ಜನವರಿಯ ರಿಸರ್ವ್ ಬ್ಯಾಂಕಿನ ನಿರ್ದೇಶನವೊಂದು, ಮೊದಲ ಸಲ ಸಾಲ ಕೇಳುವವರ ಅರ್ಜಿಯನ್ನು ಚರಿತ್ರೆಯಿಲ್ಲವೆಂಬ ಒಂದೇ ಕಾರಣಕ್ಕೆ ತಳ್ಳಿಹಾಕಬಾರದೆಂದು ಹೇಳಿದೆ. ತಳ್ಳಿಹಾಕಲು ಬ್ಯಾಂಕಿಗೆ ಬೇರೆ ಕಾರಣಗಳು ಇದ್ದೇ ಇರುತ್ತವೆ. ಆದರೂ ಕೇಳುವವರ ಕೈಯಲ್ಲಿ ಈ ಮಾತು ಇರುವುದು ಒಳ್ಳೆಯದು.

ಕಾರ್ಡು ಬಂದ ಮೇಲೆ ಮುಖ್ಯವಾದದ್ದು ಬಳಸುವ ಬಗೆ. ತಿಂಗಳಿಗೊಂದು ದಿನ ಬಿಲ್ಲು ಕಟ್ಟುತ್ತದೆ, ಅದಾದ ಎರಡು ಮೂರು ವಾರಕ್ಕೆ ಕಟ್ಟುವ ಕೊನೆಯ ದಿನ. ಅಷ್ಟರೊಳಗೆ ಪೂರ್ತಿ ಕಟ್ಟಿದರೆ ಕೊಂಡ ಸಾಮಾನಿಗೆ ಬಡ್ಡಿಯೇ ಇಲ್ಲ. ಬಿಲ್ಲಾದ ಮರುದಿನ ಕೊಂಡದ್ದಕ್ಕೆ ಹೆಚ್ಚುಕಡಿಮೆ ಒಂದೂವರೆ ತಿಂಗಳ ಬಿಟ್ಟಿ ಸಾಲ ದೊರೆತಂತೆ. ಆದರೆ ಬಿಲ್ಲಿನ ಮೂಲೆಯಲ್ಲಿ ಕನಿಷ್ಠ ಮೊತ್ತ ಎಂಬ ಇನ್ನೊಂದು ಅಂಕಿ ಇರುತ್ತದೆ. ಈ ಅಂಕಿಯಷ್ಟು ಸೌಮ್ಯವಾದ ಮುಖದ ಮೋಸ ಇನ್ನೊಂದಿಲ್ಲ. ಲೆಕ್ಕ ಹಾಕಿ ನೋಡಿ. 10,000 ರೂಪಾಯಿಯ ಬಿಲ್ಲಿಗೆ ನೂರಕ್ಕೆ ಐದರಂತೆ 500 ಕಟ್ಟಿದಿರಿ ಎನ್ನೋಣ. ಉಳಿದ 9,500ಕ್ಕೆ ತಿಂಗಳಿಗೆ ನೂರಕ್ಕೆ ಮೂರೂವರೆ ಬಡ್ಡಿ ಎಂದರೆ ಸುಮಾರು 332. ಅದರ ಮೇಲೆ ನೂರಕ್ಕೆ 18ರ ತೆರಿಗೆ ಸುಮಾರು 60. ಮುಂದಿನ ತಿಂಗಳು ನೀವು ಮತ್ತೆ 500 ಕೊಟ್ಟರೆ ಅಸಲಿಗೆ ಇಳಿಯುವುದು ನೂರು ರೂಪಾಯಿ ಚಿಲ್ಲರೆ! ಸಾಲದ್ದಕ್ಕೆ, ಹಳೆಯ ಬಾಕಿ ಉಳಿದಿರುವವರೆಗೆ ಹೊಸದಾಗಿ ಕೊಂಡದ್ದಕ್ಕೂ ಆ ಬಿಟ್ಟಿ ದಿನಗಳು ಇಲ್ಲ. ಕಾರ್ಡಿನಿಂದ ನಗದು ತೆಗೆದರಂತೂ ತೆಗೆದ ದಿನದಿಂದಲೇ ಬಡ್ಡಿ, ಮೇಲೊಂದು ಶುಲ್ಕ. ಸಾಲ ಮಾಡಿಯಾದರೂ ತುಪ್ಪ ತಿನ್ನೆಂದವನು ಚಾರ್ವಾಕನೆಂದು ಹೇಳುತ್ತಾರೆ. ಅವನು ಈ ದರವನ್ನು ಕಂಡಿದ್ದರೆ ಮಜ್ಜಿಗೆಗೆ ಇಳಿಯುತ್ತಿದ್ದ.

ತಂಗಿಗೆ ಇದನ್ನೆಲ್ಲ ಹೆಚ್ಚು ಹೇಳಬೇಕಾಗಲಿಲ್ಲ. ಆಕೆ ವಿದ್ಯುತ್ ಬಿಲ್ಲು, ಔಷಧಿ, ತಿಂಗಳ ದಿನಸಿ ಇಷ್ಟನ್ನೇ ಕಾರ್ಡಿನಲ್ಲಿ ಮಾಡಿದಳು. ಮಿತಿಯ ಮೂರರಲ್ಲಿ ಒಂದು ಪಾಲನ್ನು ದಾಟದಿರುವುದು ಅಂಕಕ್ಕೆ ಒಳ್ಳೆಯದೆಂಬ ರೂಢಿಯ ಮಾತಿದೆ. ಹಾಗಾಗಿ ಆರು ಸಾವಿರದ ಹತ್ತಿರ ಬಂದರೆ ಕೈ ಹಿಡಿಯುತ್ತಿದ್ದಳು. ಪೂರ್ತಿ ಬಿಲ್ಲು ಉಳಿತಾಯ ಖಾತೆಯಿಂದ ತಾನಾಗಿ ಸಂದಾಯವಾಗುವಂತೆ ಬ್ಯಾಂಕಿಗೆ ಬರೆದುಕೊಟ್ಟಿದ್ದಳು. ಆದರೂ ಪ್ರತಿ ತಿಂಗಳು ಕೊನೆಯ ದಿನಕ್ಕೆ ಎರಡು ದಿನ ಮೊದಲು ಖಾತೆಯಲ್ಲಿ ಹಣವಿದೆಯೇ ಎಂದು ನೋಡುತ್ತಿದ್ದಳು. ಕೊನೆಯ ದಿನ ದಾಟಿ ಮೂರು ದಿನಕ್ಕಿಂತ ಹೆಚ್ಚು ಬಾಕಿ ನಿಂತರೆ ಮಾತ್ರ ತಡವೆಂದು ವರದಿ ಹೋಗುತ್ತದೆಂಬ ರಿಯಾಯಿತಿಯನ್ನು ನಾನು ಹೇಳಹೋದೆ. "ಆ ಮೂರು ದಿನ ನನಗೆ ಬೇಡ" ಎಂದಳು. ಹಳೆಯ ದಿನಸಿ ಪುಸ್ತಕದ ಹಾಗೆ ಉದ್ದನೆಯ ಪುಸ್ತಕವೊಂದನ್ನು ಕೊಂಡು, ಬಲಗೈ ಇನ್ನೂ ಪೂರ್ತಿ ಬಗ್ಗದಿದ್ದರೂ, ಅದೇ ದುಂಡನೆಯ ಅಕ್ಷರದಲ್ಲಿ ಎಲ್ಲವನ್ನೂ ಬರೆದಿಟ್ಟಳು.

ಎಂಟನೆಯ ತಿಂಗಳು ಮತ್ತೆ ವರದಿ ತರಿಸಿದೆವು. -1 ಇದ್ದ ಜಾಗದಲ್ಲಿ ಏಳುನೂರರ ಮೇಲಿನ ಒಂದು ಸಂಖ್ಯೆ ಇತ್ತು. ಆಕೆ ಅದನ್ನು ಒಮ್ಮೆ ನೋಡಿ, ಅದರ ಮೇಲುಗಡೆ ಇದ್ದ ಹೆಸರನ್ನೇ ಬಹಳ ಹೊತ್ತು ನೋಡಿದಳು. ಹೆಸರಿನ ಕಾಗುಣಿತ ಸರಿಯಾಗಿತ್ತು. ಇಂಥ ವರದಿಗಳಲ್ಲಿ ಅದನ್ನೂ ವಿಳಾಸವನ್ನೂ ಪರೀಕ್ಷಿಸಿ, ತಪ್ಪಿದ್ದರೆ ತಿದ್ದಿಸಿಕೊಳ್ಳಬೇಕು.

ಅದೇ ವಾರ ಹುಬ್ಬಳ್ಳಿಯಿಂದ ಸೊಸೆ ಫೋನು ಮಾಡಿದ್ದಳು. ಯೋಗಕ್ಷೇಮವೆಲ್ಲ ಆದ ಮೇಲೆ ತಂಗಿ ಕೇಳಿದಳು: "ನಿನ್ನ ಹತ್ತಿರ ಒಂದು ಕಾರ್ಡ್ ಇದೆಯಲ್ಲಮ್ಮ, ಅದು ನಿನ್ನದೋ, ಅವನದರ ಜೊತೆಗೆ ಕೊಟ್ಟಿರೋದೋ?"

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನನ್ನ ಹೆಸರೇ ಇದೆ ಅತ್ತೆ. ತಾಳಿ, ನೋಡಿ ಹೇಳ್ತೀನಿ" ಎಂದಳು.